ಉಳಿದ ಹನ್ನೆರಡು ಪುಟ

ನಮ್ಮೂರಿನಲ್ಲಿ ಪುಸ್ತಕ ತೆರೆಯುವ ಮೊದಲು ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಮೊದಲ ಪುಟ ಓದಿ ಎರಡನೆಯದಕ್ಕೆ ತಿರುಗಿಸುವಷ್ಟರಲ್ಲಿ ಆ ಪುಸ್ತಕದವರು ಒಬ್ಬರು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿರುತ್ತಾರೆ. ಬಂದವರಿಗೆ ಕಾಫಿ ಕೊಡಬೇಕು, ಊಟಕ್ಕೆ ಹಾಕಬೇಕು, ಪುಸ್ತಕ ಮುಗಿಯುವ ತನಕ ಮನೆಯಲ್ಲಿ ಇಟ್ಟುಕೊಳ್ಳಬೇಕು. ಕೊನೆಯ ಮಾತು ಓದಿದ ಕ್ಷಣ ಅವರು ಹೊರಟುಹೋಗುತ್ತಾರೆ, ಅದೇ ಪುಸ್ತಕ ಮತ್ತೆ ತೆರೆದರೆ ಬರುವುದಿಲ್ಲ. ಹೀಗಾಗಿ ನಮ್ಮೂರ ತಾಯಂದಿರು ಮಕ್ಕಳ ಕೈಯಲ್ಲಿ ಪುಸ್ತಕ ಕಂಡರೆ ಮೊದಲು ಕೇಳುವುದೇ "ಎಷ್ಟು ಪುಟ?" ಅಂತ. ಮನೆಯಲ್ಲಿ ಬಾಣಂತಿ ಇದ್ದರೆ ಪತ್ತೇದಾರಿ ಕಾದಂಬರಿ ತರುವ ಹಾಗಿಲ್ಲ, ಬಂದವನು ಪತ್ತೇದಾರನೋ ಕೊಲೆಗಾರನೋ ಕೊನೆಯ ತನಕ ಗೊತ್ತಾಗುವುದಿಲ್ಲವಲ್ಲ. ಕವನಸಂಕಲನಕ್ಕೆ ಮಾತ್ರ ಯಾರೂ ಬರುವುದಿಲ್ಲ. ಅದಕ್ಕೇ ನಮ್ಮೂರಿನ ಜಿಪುಣರೆಲ್ಲ ಕಾವ್ಯಪ್ರೇಮಿಗಳು.

ಓದಲು ಶುರುಮಾಡಿ ಅರ್ಧಕ್ಕೆ ಬಿಟ್ಟರೆ ಬಂದವರು ಹೋಗುವ ಹಾಗಿಲ್ಲ, ಉಳಿದುಬಿಡುತ್ತಾರೆ. ಒಂದು ವರ್ಷ ಮನೆಯವರು ಸಹಿಸಿಕೊಳ್ಳುತ್ತಾರೆ, ಆಮೇಲೆ ಊರಾಚೆಯ ಛತ್ರಕ್ಕೆ ಕಳಿಸುತ್ತಾರೆ. ಆ ಛತ್ರ ನೋಡಿಕೊಳ್ಳುವವಳು ನಾನು, ವಾರಿಜಾ. ಇಪ್ಪತ್ತೆರಡು ವರ್ಷವಾಯಿತು. ಅಲ್ಲಿರುವ ಮೂವತ್ತೊಂದು ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ದೊಡ್ಡ ದೊಡ್ಡ ಕೃತಿಗಳಿಂದ ಬಂದವರು. ತೂಕದ ಮಾತಾಡುವವರು, ಊಟಕ್ಕೆ ಕೂತಾಗಲೂ ದೂರದಲ್ಲೇನೋ ನೋಡುವವರು. ಶಾಲೆಯಲ್ಲಿ ಬಹುಮಾನ ಕೊಟ್ಟ ಪುಸ್ತಕ, ಮದುವೆಗೆ ಉಡುಗೊರೆ ಬಂದ ಪುಸ್ತಕ, ದೊಡ್ಡವರು "ಓದಲೇಬೇಕು" ಅಂದ ಪುಸ್ತಕ, ಇವುಗಳಿಂದಲೇ ನಮ್ಮ ಛತ್ರ ತುಂಬಿರುವುದು. ಮಕ್ಕಳು ಕದ್ದು ಓದುವ ಪುಸ್ತಕದವರು ಇಲ್ಲಿಗೆ ಬರುವುದಿಲ್ಲ, ಅವನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ.

ಒಬ್ಬಳನ್ನು ಬಿಟ್ಟು. ಅವಳು ಚಂಪಾ, 'ಪಾರಿವಾಳ ಪಡೆ' ಮಾಲೆಯ ನಾಯಕಿ, ಹದಿನೈದು ವರ್ಷದವಳು. ಅವಳನ್ನು ಅರ್ಧಕ್ಕೆ ಬಿಟ್ಟವಳು ನಾನೇ.

ಪಾರಿವಾಳ ಪಡೆಯಲ್ಲಿ ಒಟ್ಟು ನಲವತ್ತೆರಡು ಪುಸ್ತಕ. ಒಂದೊಂದೂ ನೂರಿಪ್ಪತ್ತೆಂಟು ಪುಟ, ಹಳದಿ ರಟ್ಟು. ಕಥೆಯನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಏನೋ ಒಂದು ಕಳುವಾಗುತ್ತದೆ, ಪಾಪದವರ ಮೇಲೆ ಅನುಮಾನ ಬರುತ್ತದೆ, ತೊಂಬತ್ತನೇ ಪುಟದ ಹತ್ತಿರ ಚಂಪಾಳನ್ನು ಯಾರೋ ಗೋದಾಮಿನಲ್ಲಿ ಕೂಡಿಹಾಕುತ್ತಾರೆ, ಗೆಳತಿ ಲೀಲಾ ಬಂದು ಬಿಡಿಸುತ್ತಾಳೆ. ಮಳೆಗಾಲ ಬೇಸಿಗೆ ಅಂತಿಲ್ಲ, ಯಾರಿಗೂ ಪರೀಕ್ಷೆ ಇಲ್ಲ, ಯಾರಿಗೂ ವಯಸ್ಸಾಗುವುದಿಲ್ಲ. ನನಗೆ ಹದಿನಾಲ್ಕು ತುಂಬಿದ ತಿಂಗಳು ಮೊದಲನೇ ಪುಸ್ತಕ ತೆರೆದೆ, ಎರಡು ಜಡೆಯ ಚಂಪಾ ಬಂದಳು. ನನ್ನ ಚಾಪೆಯಲ್ಲೇ ಮಲಗಿದಳು, ನನ್ನ ತಟ್ಟೆಯ ಹಪ್ಪಳ ಎತ್ತಿಕೊಂಡಳು. ಪುಸ್ತಕ ಮುಗಿದ ದಿನ ಹೋದಳು, ಎರಡನೆಯದು ತೆರೆದ ದಿನ ಮತ್ತೆ ಬಂದಳು. ಹಿಂದಿನದೆಲ್ಲ ಅವಳಿಗೆ ನೆನಪಿರುತ್ತಿತ್ತು. ಅಮ್ಮ ಅವಳು ಬಂದಾಗಲೆಲ್ಲ ಗೊಣಗುತ್ತಿದ್ದಳು, ಆದರೆ ಉಪ್ಪಿಟ್ಟಿಗೆ ರವೆ ಹುರಿಯುವಾಗ ಕೇಳದೇ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದಳು.

ಆ ಪುಸ್ತಕಗಳು ಚೆನ್ನಾಗಿದ್ದವೇ ಅಂತ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಲೇಖಕರಿಗೆ ಒಮ್ಮೊಮ್ಮೆ ಕಳ್ಳನ ಹೆಸರೇ ಮರೆತುಹೋಗುತ್ತಿತ್ತು. ಹದಿನೇಳನೇ ಪುಸ್ತಕದಲ್ಲಿ ಸತ್ತ ನಾಯಿ ಇಪ್ಪತ್ತನೆಯದರಲ್ಲಿ ಬೊಗಳುತ್ತದೆ. ಆದರೆ ತರಗತಿಯಲ್ಲಿ ಎದ್ದುನಿಂತು ಮಾತಾಡಲು ನಾನು ಕಲಿತದ್ದು ಚಂಪಾಳನ್ನು ನೋಡಿ. ನಾನು ಮೂಗು ಒರೆಸುತ್ತಾ ಶಾಲೆಯಿಂದ ಬಂದ ದಿನ "ಯಾರೇ ಅದು, ಹೆಸರು ಹೇಳು" ಅಂತ ಸೊಂಟಕ್ಕೆ ಕೈಯಿಟ್ಟು ನಿಂತವಳು ಅವಳೊಬ್ಬಳೇ. ಆ ಪ್ರೀತಿಯನ್ನು ಇಟ್ಟುಕೊಂಡು ನಾನು ಹೇಗೆ ವಿಮರ್ಶೆ ಮಾಡಲಿ?

ನಮ್ಮ ಕನ್ನಡದ ಮುಕುಂದ ಮೇಷ್ಟ್ರು ಮಾಡುತ್ತಿದ್ದರು. ನನ್ನ ಚೀಲದಲ್ಲಿ ಹಳದಿ ರಟ್ಟು ಕಂಡರೆ ಎರಡು ಬೆರಳಲ್ಲಿ ಎತ್ತಿ ಇಡೀ ತರಗತಿಗೆ ತೋರಿಸುವರು. "ಇದು ಓದಲ್ಲ ಕಣಮ್ಮ, ಕಡಲೆಪುರಿ. ಎಷ್ಟು ಮುಕ್ಕಿದರೂ ಹೊಟ್ಟೆ ತುಂಬೋದಿಲ್ಲ. ಓದಿದರೆ 'ಮೂರನೆಯ ಪಾರುಪತ್ಯ' ಓದಬೇಕು!" ಮೂರನೆಯ ಪಾರುಪತ್ಯ ಅಂದರೆ ಎಂಟುನೂರ ಹನ್ನೆರಡು ಪುಟದ ಕಾದಂಬರಿ, ಗುಡಿಯ ಪಾರುಪತ್ಯ ವಹಿಸಿಕೊಂಡ ವೆಂಕೋಬರಾಯರ ಕಥೆ. ಮೇಷ್ಟ್ರು ಅದರ ಸಾಲುಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದರು. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು.

ನನಗೆ ಹದಿನೇಳಾದಾಗ ನಲವತ್ತೆರಡನೇ ಪುಸ್ತಕ ಬಂತು. ರಟ್ಟಿನ ಮೇಲೆ 'ಕೊನೆಯ ಸಾಹಸ' ಅಂತ ಅಚ್ಚಾಗಿತ್ತು. ಒಂದೇ ಮಧ್ಯಾಹ್ನದಲ್ಲಿ ನೂರ ಹದಿನಾರನೇ ಪುಟಕ್ಕೆ ಬಂದೆ. ಉಳಿದದ್ದು ಹನ್ನೆರಡು ಪುಟ. ಚಂಪಾ ನನ್ನ ಎದುರಿಗೇ ಕಿಟಕಿಯ ಹತ್ತಿರ ಕೂತು ಸೀಬೆಹಣ್ಣು ಕಚ್ಚುತ್ತಿದ್ದಳು. ಇವು ಮುಗಿದರೆ ಇವಳು ಮತ್ತೆ ಬರುವುದಿಲ್ಲ ಅನ್ನುವುದು ಆಗ ತಲೆಗೆ ಹೊಕ್ಕಿತು. ನಾಳೆ ಓದೋಣ ಅಂತ ಪುಸ್ತಕ ಮುಚ್ಚಿದೆ. ಆ ನಾಳೆ ಮೂವತ್ನಾಲ್ಕು ವರ್ಷ ಬರಲಿಲ್ಲ. ಅವಳಿಗೆ ಒಳ್ಳೆಯದನ್ನೇ ಮಾಡಿದೆ, ಉಳಿಸಿಕೊಂಡೆ ಅಂತ ನಾನು ನಂಬಿದ್ದೆ. ಛತ್ರದ ಕೆಲಸಕ್ಕೆ ಅರ್ಜಿ ಹಾಕಿದ್ದೂ ಅವಳಿಗೋಸ್ಕರವೇ. ನನಗೆ ಮದುವೆಯಾಯಿತು, ಮಗ ಹುಟ್ಟಿದ, ತಲೆ ನರೆಯಿತು. ಅವಳು ಮಾತ್ರ ಆಗಲೂ "ಲೇ ವಾರಿ" ಅಂತಲೇ ಕರೆಯುತ್ತಿದ್ದಳು, ನೋಡಿದವರು ನಗುತ್ತಿದ್ದರು.

ಛತ್ರಕ್ಕೆ ಅದರದೇ ಮರ್ಯಾದೆಗಳಿವೆ. ಯಾರು ಯಾರ ಅತಿಥಿ ಅಂತ ಹೊರಗೆ ಹೇಳುವಂತಿಲ್ಲ. ಬಂದವರಿಗೆ ತಮ್ಮ ಓದುಗ ಓದಿದ ಪುಟದವರೆಗೆ ಮಾತ್ರ ತಮ್ಮ ಬದುಕು ಗೊತ್ತಿರುತ್ತದೆ, ಅದರ ಮುಂದಿನದನ್ನು ಅವರ ಕಿವಿಗೆ ಹಾಕುವಂತಿಲ್ಲ. ಇದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ನಮ್ಮ ಜಗಲಿಗೆ ಬರಬೇಕಿತ್ತು. ಅಲ್ಲಿ ಇಬ್ಬರು ವೆಂಕೋಬರಾಯರಿದ್ದರು. ಇಬ್ಬರೂ ಒಂದೇ ಕಾದಂಬರಿಯವರು, ಒಂದೇ ಮೂಗು, ಒಂದೇ ಕೆಮ್ಮು. ಒಬ್ಬರನ್ನು ಓದುಗರೊಬ್ಬರು ಅರವತ್ತನೇ ಪುಟದಲ್ಲಿ ಬಿಟ್ಟಿದ್ದರು, ಇನ್ನೊಬ್ಬರನ್ನು ಬೇರೊಬ್ಬರು ಮುನ್ನೂರ ಹತ್ತರಲ್ಲಿ. ನಾವು ಚಿಕ್ಕರಾಯರು, ದೊಡ್ಡರಾಯರು ಅನ್ನುತ್ತಿದ್ದೆವು. ಚಿಕ್ಕರಾಯರು ದಿನಾ ಊಟಕ್ಕೆ ಕೂತು "ನಮ್ಮ ಮನೆಯವಳು ಮಾಡೋ ಹುಳಿ ಇದಕ್ಕಿಂತ ಗಟ್ಟಿ, ಅಲ್ವೇ?" ಅಂತ ಕೇಳುತ್ತಿದ್ದರು. ದೊಡ್ಡರಾಯರು "ಹೌದೌದು" ಅಂತ ತಲೆಯಾಡಿಸುತ್ತಿದ್ದರು. ಮುನ್ನೂರ ಎರಡನೇ ಪುಟದಲ್ಲಿ ಆ ಮನೆಯವರು, ತಿರುಮಲಮ್ಮ, ತೀರಿಕೊಂಡಿದ್ದಾರೆ.

ಅರವತ್ತನೇ ಪುಟದಲ್ಲಿ ಬಿಟ್ಟವರು ಯಾರು ಅಂತ ನನಗೊಬ್ಬಳಿಗೇ ಗೊತ್ತಿತ್ತು. ಮುಕುಂದ ಮೇಷ್ಟ್ರು.

ಮೊದಲ ಸಲ ಅದು ತಿಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ನಲವತ್ತು ವರ್ಷ ಉದಾಹರಿಸಿದ ಸಾಲುಗಳೆಲ್ಲ ಮೊದಲ ಅರವತ್ತು ಪುಟದವು. ಯಾರೂ ಹಿಡಿಯಲಿಲ್ಲ, ಯಾಕೆಂದರೆ ಅದರಾಚೆ ಓದಿದವರು ಊರಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ.

ಹೋದ ದೀಪಾವಳಿ ಮುಗಿದ ವಾರ, ಬೆಳಗ್ಗೆ ಹತ್ತಕ್ಕೆ, ಮೇಷ್ಟ್ರು ಕೋಲೂರಿಕೊಂಡು ಛತ್ರಕ್ಕೆ ಬಂದರು. ಎಂಬತ್ತಮೂರು ವರ್ಷ. ಕಂಕುಳಲ್ಲಿ ಆ ದಪ್ಪ ಪುಸ್ತಕ.

"ವಾರಿಜಾ, ನಿನಗೆ ಗೊತ್ತಿದೆ ಅಂತ ನನಗೆ ಗೊತ್ತು," ಅಂದರು. "ಇನ್ನು ಮುಚ್ಚಿಟ್ಟು ಏನಾಗಬೇಕು? ಕಣ್ಣು ಹೋಗಿದೆ, ಅಕ್ಷರ ಕಾಣೋಲ್ಲ. ನೀನು ಓದ್ತೀಯಾಮ್ಮ?"

ಒಬ್ಬರಿಗೋಸ್ಕರ ಗಟ್ಟಿಯಾಗಿ ಓದಿದರೆ ಆ ಓದು ಕೇಳಿದವರ ಪಾಲಿಗೇ ಸೇರುತ್ತದೆ, ನಮ್ಮೂರ ರೀತಿ ಹಾಗೆ. ಒಪ್ಪಿದೆ. ಸ್ವಲ್ಪ ಸೇಡಿನ ಖುಷಿಯಿಂದಲೇ ಒಪ್ಪಿದೆ ಅನ್ನಿ. ಚಿಕ್ಕರಾಯರು ಅಂಗವಸ್ತ್ರ ಸರಿಮಾಡಿಕೊಂಡು ಬಂದು ಕೂತರು. ತಮ್ಮನ್ನು ಬಿಟ್ಟುಹೋದವರನ್ನು ಐವತ್ತು ವರ್ಷದ ಮೇಲೆ ನೋಡಿ, "ಬಂದಿರಲ್ಲ, ಸಂತೋಷ," ಅಂದರು. ಅಷ್ಟೇ.

ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಓದಿದೆ. ಮೊದಲಿಗೆ ನನಗೆ ಮೈಯೆಲ್ಲ ಉರಿಯಿತು. ಗುಡಿಯ ಗದ್ದೆಯ ಗಡಿ ಜಗಳವೇ ಎಂಬತ್ತು ಪುಟ. ಯಾವ ಕಲ್ಲು ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದು ಓದಿ ಓದಿ ನಾಲಿಗೆ ಒಣಗಿತು. ಮೇಷ್ಟ್ರು ಎರಡು ಸಲ ಗೊರಕೆ ಹೊಡೆದರು. ನಿದ್ದೆಯಲ್ಲಿ ಕೇಳಿದ್ದು ಕೇಳಿದ ಹಾಗಲ್ಲ, ಆ ಪುಟಗಳನ್ನು ಮತ್ತೆ ಓದಬೇಕಾಯಿತು. ಪಾರಿವಾಳ ಪಡೆಯ ಲೇಖಕರಾಗಿದ್ದರೆ ಇಷ್ಟರಲ್ಲಿ ಮೂರು ಜನರನ್ನು ಗೋದಾಮಿಗೆ ಹಾಕಿರುತ್ತಿದ್ದರು ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಚಂಪಾ ಬಾಗಿಲ ಹಿಂದಿನಿಂದ ಕಿಸಕ್ಕನೆ ನಕ್ಕಳು.

ಆದರೆ ಮುನ್ನೂರ ಎರಡನೇ ಪುಟ ಬಂತು. ತಿರುಮಲಮ್ಮ ಹೋದದ್ದನ್ನು ಆ ಪುಣ್ಯಾತ್ಮ ಲೇಖಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ಆಮೇಲೆ, ಹನ್ನೆರಡು ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ, ರಾಯರು ಒಬ್ಬರೇ ಅನ್ನ ಮಾಡಿಕೊಂಡು ಕೂರುತ್ತಾರೆ. ಉಪ್ಪು ಸಿಗುವುದಿಲ್ಲ. ಡಬ್ಬಗಳನ್ನೆಲ್ಲ ತೆಗೆದು ನೋಡುತ್ತಾರೆ. ಕೊನೆಗೆ ಪಕ್ಕದ ಮನೆಯ ಬಾಗಿಲಿಗೆ ಹೋಗಿ, "ನಮ್ಮ ಮನೆಯಲ್ಲಿ ಉಪ್ಪು ಎಲ್ಲಿರುತ್ತೆ, ಸ್ವಲ್ಪ ಹೇಳ್ತೀರಾ?" ಅಂತ ಕೇಳುತ್ತಾರೆ. ಇಷ್ಟು ದಿನ ನಾನು ಅಣಕಿಸಿದ ಪುಸ್ತಕದ ಕಾಲಿಗೆ ಬೀಳಬೇಕು ಅನ್ನಿಸಿತು.

ಚಿಕ್ಕರಾಯರು ಪಕ್ಕಕ್ಕೆ ತಿರುಗಿದರು. ದೊಡ್ಡರಾಯರು ಆಗಲೇ ಬಂದು ಅವರ ಪಕ್ಕದಲ್ಲಿ ಕೂತಿದ್ದರು.

"ನಿಮಗೆ ಗೊತ್ತಿತ್ತೇ?" ಅಂತ ಚಿಕ್ಕರಾಯರು ಕೇಳಿದರು.

"ಗೊತ್ತಿತ್ತು."

"ದಿನಾ ಹುಳಿ ಹುಳಿ ಅಂತ ತಲೆ ತಿಂತಿದ್ದೆನಲ್ಲ. ನೀವು ಒಂದು ಮಾತು ಹೇಳಲಿಲ್ಲ."

"ಹೇಳೋ ಹಾಗಿಲ್ಲವಲ್ಲ," ಅಂದರು ದೊಡ್ಡರಾಯರು. "ಅದೂ ಅಲ್ಲದೆ, ನೀವು ಹುಳಿ ಅಂದಾಗ ನನಗೂ ಒಂದು ಗಳಿಗೆ ಅವಳು ಒಳಗೇ ಇದಾಳೆ ಅನ್ನಿಸ್ತಿತ್ತು."

ಅಲ್ಲಿಂದ ಎಂಟುನೂರ ಹನ್ನೆರಡರ ತನಕ ಓದಿದ್ದು ನನಗೆ ಗೊತ್ತೇ ಆಗಲಿಲ್ಲ. ಮುನ್ನೂರ ಹತ್ತು ದಾಟಿದ ಮೇಲೆ ದೊಡ್ಡರಾಯರು ಮರ್ಯಾದೆಯಿಂದ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಯುಗಾದಿಗೆ ಎರಡು ವಾರವಿದ್ದಾಗ ಕೊನೆಯ ಪುಟಕ್ಕೆ ಬಂದೆವು. ಚಿಕ್ಕರಾಯರು ಕೈಯೆತ್ತಿ ಒಂದು ನಿಮಿಷ ಅಂದರು.

"ಮೇಷ್ಟ್ರೇ, ಇನ್ನೂ ಮೊದಲೇ ಬರಬಹುದಿತ್ತು ತಾವು."

ಮೇಷ್ಟ್ರು ಕೋಲಿನ ತುದಿಯನ್ನು ನೆಲಕ್ಕೆ ಉಜ್ಜಿದರು. "ಹೆದರಿಕೆ, ರಾಯರೇ. ಅಷ್ಟು ವರ್ಷ ಹೊಗಳಿಬಿಟ್ಟಿದ್ದೆ. ಓದಿದ ಮೇಲೆ ಅಷ್ಟು ಚೆನ್ನಾಗಿಲ್ಲ ಅನ್ನಿಸಿದರೆ ಏನು ಗತಿ ಅಂತ."

"ಈಗ?"

"ನಾನು ಹೊಗಳಿದ್ದು ಸಾಲದು."

ರಾಯರು ತೃಪ್ತಿಯಿಂದ ಮೀಸೆ ಸವರಿಕೊಂಡರು. ನಾನು ಕೊನೆಯ ಸಾಲು ಓದಿದೆ. ತಲೆಯೆತ್ತಿದಾಗ ಚಾಪೆ ಖಾಲಿಯಾಗಿತ್ತು. ಮೇಷ್ಟ್ರೂ ನಾನೂ ನಮಗೇ ಗೊತ್ತಿಲ್ಲದೆ ಎದ್ದುನಿಂತಿದ್ದೆವು.

ಮೇಷ್ಟ್ರನ್ನು ಕಳಿಸಿ ಬಂದು ನೋಡಿದರೆ ಚಂಪಾ ಗೇಟಿನ ಹತ್ತಿರ ನಿಂತಿದ್ದಳು. ದಿನಾ ಸಂಜೆ ಅವಳು ಅಲ್ಲಿ ನಿಂತು ರಸ್ತೆ ನೋಡುವುದು ನನಗೆ ಗೊತ್ತಿದ್ದದ್ದೇ. ಗಾಳಿಗೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ.

"ಲೇ ವಾರಿ," ಅಂದಳು ತಿರುಗದೆ. "ರಾಯರದ್ದು ಏಳುನೂರ ಐವತ್ತು ಪುಟ ಇತ್ತು. ನಂದು ಹನ್ನೆರಡೇ ಅಲ್ವೇನೇ?"

ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ಲೀಲಾ ಮಾತು ಬಿಟ್ಟಿದಾಳೆ ಕಣೇ," ಅಂದಳು. "ಅವಳ ಅಣ್ಣನೇ ಕಳ್ಳ ಅಂತ ಎಲ್ಲರೂ ಅಂದಾಗ ನಾನೂ ಒಂದು ಕ್ಷಣ ನಂಬಿಬಿಟ್ಟೆ. ಮುಖದಲ್ಲಿ ಗೊತ್ತಾಯ್ತು ಅವಳಿಗೆ. 'ನೀನೂನಾ?' ಅಂತ ಕೇಳಿ ಹೊರಟುಹೋದಳು. ಆಮೇಲೆ ಏನಾಯ್ತು ಅಂತ ನಂಗೆ ಗೊತ್ತಿಲ್ಲ. ಅವಳು ಬಂದರೂ ಬರಬಹುದು ಅಂತ ದಿನಾ ಇಲ್ಲಿ ನಿಲ್ತೀನಿ."

ಅದು ನೂರ ಹದಿನಾರನೇ ಪುಟ. ನಾನೇ ಓದಿದ್ದೆ, ನಾನೇ ಮರೆತಿದ್ದೆ. ಅವಳು ನನ್ನ ಜೊತೆ ನಗುತ್ತಾ, ಹಪ್ಪಳ ಕದಿಯುತ್ತಾ ಹಾಯಾಗಿದ್ದಾಳೆ ಅಂದುಕೊಂಡಿದ್ದೆ. ಆ ಜಗಳದ ದಿನವನ್ನೇ ಅವಳು ಮೂವತ್ನಾಲ್ಕು ವರ್ಷ ಬದುಕಿದ್ದಳು. ಮೇಷ್ಟ್ರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ನಾಚಿಕೆಯಿಂದ ಕುಗ್ಗಿಹೋದೆ.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ.

"ನೀನು ಪುಸ್ತಕ ಮುಚ್ಚಿದ ದಿನ ನಿನ್ನ ಮುಖ ನೋಡಿದ್ದೆ," ಅಂದಳು. "ಹೇಗೆ ಹೇಳಲಿ?"

ಮರುದಿನ ಊಟವಾದ ಮೇಲೆ ಹಳದಿ ಪುಸ್ತಕ ತಂದೆ. ಚಂಪಾ ತಲೆ ಬಾಚಿಕೊಂಡು, ಎರಡು ಜಡೆಗೂ ಟೇಪು ಕಟ್ಟಿಕೊಂಡು ಎದುರಿಗೆ ಕೂತಳು. ಓದಲು ಶುರುಮಾಡಿದೆ. ಲೇಖಕರಿಗೂ ಬೇಗ ಮುಗಿಸಿ ಏಳುವ ಆತುರ, ಪಾಪ. ನಿಜವಾದ ಕಳ್ಳ ಮೂರು ಸಾಲಿನಲ್ಲಿ ಸಿಕ್ಕಿಬಿದ್ದ, ಪೊಲೀಸರು ಒಂದು ಸಾಲಿನಲ್ಲಿ ಬಂದು ಹೋದರು, ಲೀಲಾಳ ಅಣ್ಣನ ಕೈಯನ್ನು ಎಲ್ಲರೂ ಕುಲುಕಿದರು. ನೂರಿಪ್ಪತ್ನಾಲ್ಕನೇ ಪುಟದಲ್ಲಿ ಲೀಲಾ ಬಸ್ ನಿಲ್ದಾಣದಲ್ಲಿ ಚಂಪಾಳ ಎದುರಿಗೆ ಬಂದು ನಿಲ್ಲುತ್ತಾಳೆ. ಅವಳು ಹೇಳುವುದು ಹೀಗಿದೆ: "ನೀನು ಒಂದು ಕ್ಷಣ ನಂಬಿದೆ. ನಾನೂ ಒಂದು ಕ್ಷಣ ನಂಬಿದ್ದೆ ಕಣೇ, ಸ್ವಂತ ತಂಗಿಯಾಗಿ. ಅದಕ್ಕೇ ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿದ್ದು."

ಓದುವುದನ್ನು ನಿಲ್ಲಿಸಿದೆ. ಕಡಲೆಪುರಿಯ ಲೇಖಕ, ಸತ್ತ ನಾಯಿಯನ್ನು ಬೊಗಳಿಸಿದವ, ಈ ಮಾತು ಬರೆದಿದ್ದ. ಎಂಟುನೂರು ಪುಟದ ಆ ದೊಡ್ಡ ಪುಸ್ತಕದಲ್ಲೂ ಇದಕ್ಕಿಂತ ನಿಜವಾದ ಮಾತು ನಾನು ಓದಿರಲಿಲ್ಲ. ಹದಿನೇಳರಲ್ಲಿ ಇದನ್ನು ಓದಿದ್ದರೆ ಒಂದಿಬ್ಬರು ಗೆಳತಿಯರನ್ನು ನಾನು ಕಳೆದುಕೊಳ್ಳುತ್ತಿರಲಿಲ್ಲ.

ಚಂಪಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. "ಇನ್ನೊಂದ್ಸಲ ಓದೇ," ಅಂದಳು. ಓದಿದೆ. ಮೂರು ಸಲ ಓದಿಸಿದಳು.

ಕೊನೆಯ ಸಾಲಿಗೆ ಬಂದಾಗ ನನ್ನ ಕೈ ಅದರ ಮೇಲೆ ಹೋಗಿ ಕೂತಿತು. "ತಪ್ಪಾಯ್ತು ಕಣೇ," ಅಂದೆ. "ನಿನ್ನ ಬಿಟ್ಟಿರಕ್ಕೆ ಆಗಲ್ಲ ಅಂತ ಹಾಗೆ ಮಾಡ್ಬಿಟ್ಟೆ. ನಿನ್ನ ಕಷ್ಟ ಕಾಣಲಿಲ್ಲ."

"ಲೇ, ಅಳಬೇಡ. ಅತ್ರೆ ಅಕ್ಷರ ಕಾಣಲ್ಲ," ಅಂದಳು ಚಂಪಾ. ಎದ್ದು ಬಂದು ನನ್ನ ನರೆತ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಇಷ್ಟು ವಯಸ್ಸಾಯ್ತು, ಇನ್ನೂ ಮೂಗು ಸೋರಿಸ್ತೀಯಲ್ಲೇ. ಲೀಲಾ ಕಾಯ್ತಿದಾಳೆ. ಓದು."

ಆ ಕೊನೆಯ ಸಾಲು ಇದು: 'ಪಡೆ ಮನೆಗೆ ಹೊರಟಿತು, ಆಗ ಸಂಜೆ ಐದೂವರೆ ಗಂಟೆಯಾಗಿತ್ತು.' ನಲವತ್ತೆರಡು ಪುಸ್ತಕ ಬರೆದವನಿಗೆ ಇದಕ್ಕಿಂತ ಒಳ್ಳೆಯ ಸಾಲು ಹೊಳೆಯಬಾರದಿತ್ತೇ? ಅದನ್ನು ಓದಿ ನಾನು ಅತ್ತ ಹಾಗೆ ಯಾವ ಮಹಾಕೃತಿಗೂ ಅತ್ತಿಲ್ಲ.

ಯುಗಾದಿಯಾದ ಮೇಲೆ ಮೇಷ್ಟ್ರು ಮತ್ತೆ ಬಂದರು. ಕೈಯಲ್ಲಿ ಗ್ರಂಥಾಲಯದ ಹಳದಿ ರಟ್ಟಿನ ಪುಸ್ತಕ, ಮೊದಲನೆಯದು.

"ನಲವತ್ತು ವರ್ಷ ಇದನ್ನ ಬೈದೆ, ಒಂದು ಪುಟ ನೋಡಲಿಲ್ಲ," ಅಂದರು. "ಹೊಗಳಿದ್ದೂ ಓದದೆ, ಬೈದಿದ್ದೂ ಓದದೆ. ಎಂಥ ಮೇಷ್ಟ್ರಮ್ಮ ನಾನು! ಓದು."

"ಬೇರೆ ಯಾರ ಕೈಲಾದ್ರೂ ಓದಿಸ್ಕೊಳ್ಳಿ ಮೇಷ್ಟ್ರೇ. ನನ್ನ ಕೈಲಾಗಲ್ಲ."

"ನಿನ್ನ ಹಾಗೆ ಯಾರು ಓದ್ತಾರೆ?"

ಓದಿದೆ. ಎರಡನೇ ಪುಟಕ್ಕೆ ತಿರುಗಿಸುವಾಗ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಎರಡು ಜಡೆ, ಹೆಗಲಿಗೆ ಚೀಲ. ಮೇಷ್ಟ್ರ ಅತಿಥಿ, ಮೇಷ್ಟ್ರ ಚಂಪಾ. ನನ್ನನ್ನು ನೋಡಿ, ದೊಡ್ಡವರ ಎದುರು ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ನಮಸ್ಕಾರ ಆಂಟಿ. ನೀವು ಈ ಮನೆಯವರಾ? ನಂಗೆ ಇಲ್ಲಿ ಯಾರೂ ಗೊತ್ತಿಲ್ಲ."

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಅವಳ ಮುಂದೆ ನಲವತ್ತೆರಡು ಪುಸ್ತಕವಿತ್ತು, ಲೀಲಾ ಇನ್ನೂ ಸಿಕ್ಕಿರಲಿಲ್ಲ.

"ಎಂಟನೇ ಪುಟದಲ್ಲಿ ಒಬ್ಬಳು ಸಿಗ್ತಾಳೆ ಕಂದಾ," ಅಂದೆ, ಛತ್ರದ ಮರ್ಯಾದೆಯನ್ನು ಒಂದು ಸಲ ಮುರಿದು. "ಸ್ವಲ್ಪ ಸಿಡುಕಿ. ಅವಳನ್ನ ಬಿಡಬೇಡ."